ನೋಟು ಬಾರದ ಎಟಿಎಂ, ದಿನಾಂಕವಿಲ್ಲದ ಉತ್ತರ: ಒಂದು ಬ್ಯಾಂಕಿನ ಗ್ರಾಹಕ ಸೇವೆ

ಎಟಿಎಂನಿಂದ ನೋಟು ಬರಲಿಲ್ಲ, ಖಾತೆಯಲ್ಲಿ ಮಾತ್ರ 10,000 ರೂ. ಕಡಿತವಾಗಿದೆ. ಇಂಥ ದೂರಿಗೆ ಸಿಬ್ಬಂದಿ ಕೊಡುವ ಉತ್ತರ ಕೇಳಿದರೆ ಸಾಕು, ಬ್ಯಾಂಕಿನ ಸೇವೆ ಎಂಥದ್ದೆಂದು ಗೊತ್ತಾಗುತ್ತದೆ. ಇಲ್ಲಿ ಹೇಳುತ್ತಿರುವುದು ಒಂದು ದೊಡ್ಡ ಖಾಸಗಿ ಬ್ಯಾಂಕಿನ ಕಾಲ್ ಸೆಂಟರ್, ಶಾಖೆಯ ಕೌಂಟರ್ ಮತ್ತು ಇಮೇಲ್ ಬಗ್ಗೆ. ಹೆಸರು ಬೇಡ, ಬೇರೆ ಕೆಲವು ಬ್ಯಾಂಕುಗಳಲ್ಲೂ ಕಥೆ ಹೀಗೇ ಇದೆ.

ವಿನಯಕ್ಕೇನೂ ಬರವಿಲ್ಲ. ಫೋನ್ ಎತ್ತಿದ ಕೂಡಲೇ ನಮಸ್ಕಾರ, ನಡುವೆ ಎರಡು ಸಲ ಕ್ಷಮೆ, ಕೊನೆಗೆ "ಇನ್ನೇನಾದರೂ ಸಹಾಯ ಬೇಕಾ ಸರ್?" ಕನ್ನಡದ ಆಯ್ಕೆಯೂ ಇದೆ, ಮಾತಾಡುವವರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಆದರೆ ಹಣ ಯಾವತ್ತು ಬರುತ್ತದೆ ಅಂತ ಕೇಳಿದರೆ ಸಿಗುವ ಉತ್ತರ: "ಏಳರಿಂದ ಹತ್ತು ವರ್ಕಿಂಗ್ ಡೇಸ್ ಆಗುತ್ತೆ, ವೇಟ್ ಮಾಡಿ."

ಇದು ತಪ್ಪು. ಏಳು ಕೆಲಸದ ದಿನ ಎನ್ನುವುದು 2011ರ ನಿಯಮ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಅದನ್ನು ಬದಲಿಸಿತು: ವಹಿವಾಟು ನಡೆದ ದಿನದಿಂದ 5 ದಿನದೊಳಗೆ ಹಣ ಖಾತೆಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂ. ಪರಿಹಾರ. ಇವು ಕ್ಯಾಲೆಂಡರ್ ದಿನಗಳು, ಭಾನುವಾರವೂ ಲೆಕ್ಕಕ್ಕೆ ಬರುತ್ತದೆ. ಪರಿಹಾರವನ್ನು ಗ್ರಾಹಕರು ಕೇಳಲಿ ಬಿಡಲಿ, ಬ್ಯಾಂಕೇ ಜಮಾ ಮಾಡಬೇಕು. ಯುಪಿಐನಲ್ಲಿ ಒಬ್ಬರಿಗೆ ಕಳಿಸಿದ ಹಣ ಅವರಿಗೆ ತಲುಪದಿದ್ದರೆ ಮರುದಿನವೇ ಗಡುವು, ಅಂಗಡಿಗೆ ಕೊಟ್ಟ ಹಣವಾದರೆ 5 ದಿನ. ಸಿಬ್ಬಂದಿಯ ಸ್ಕ್ರಿಪ್ಟ್ ಇನ್ನೂ ಹಳೆಯದರಲ್ಲೇ ನಿಂತಿದೆ.

ಶಾಖೆಯಲ್ಲಿ ಮತ್ತೊಂದು ರಾಗ: "ಅದು ಬೇರೆ ಬ್ಯಾಂಕಿನ ಎಟಿಎಂ ಸರ್, ಅಲ್ಲೇ ಹೋಗಿ ಕೇಳಿ." ಮೆಷಿನ್ ಯಾರದೇ ಇರಲಿ, ದೂರು ತೆಗೆದುಕೊಳ್ಳಬೇಕಾದ್ದು ಕಾರ್ಡ್ ಕೊಟ್ಟ ಬ್ಯಾಂಕು. ಆ ಕಡೆಯ ಬ್ಯಾಂಕಿನಿಂದ ಮೆಷಿನ್‌ನ ಲಾಗ್, ನಗದು ತಾಳೆಯ ವಿವರ ತರಿಸಿಕೊಳ್ಳುವುದು ಅವರವರ ನಡುವಿನ ಕೆಲಸ. ಹಿರಿಯರೊಬ್ಬರನ್ನು ಅದಕ್ಕಾಗಿ ಎರಡು ಬಸ್ ಹತ್ತಿಸುವುದು ಅನ್ಯಾಯ.

ಇಮೇಲ್ ಅಂತೂ ಓದಿದರೂ ಒಂದೇ, ಓದದಿದ್ದರೂ ಒಂದೇ: "ನಿಮ್ಮ ಮನವಿಯನ್ನು ಸಂಬಂಧಪಟ್ಟ ವಿಭಾಗಕ್ಕೆ ರವಾನಿಸಲಾಗಿದೆ. ಶೀಘ್ರದಲ್ಲೇ ಪರಿಶೀಲಿಸಲಾಗುವುದು." ಯಾವ ವಿಭಾಗ, ಎಷ್ಟು ಹಣ, ಯಾವತ್ತಿನ ವಹಿವಾಟು, ಒಂದೂ ಇಲ್ಲ. ಮರುದಿನ "ನಿಮ್ಮ ಮನವಿ ಪರಿಹಾರವಾಗಿದೆ" ಅಂತ ಎಸ್‌ಎಂಎಸ್. ಖಾತೆ ನೋಡಿದರೆ ಹಣ ಬಂದಿಲ್ಲ! ಪರಿಹಾರವಾಗಿದೆ ಅಂದರೆ ಉತ್ತರ ಕಳಿಸಿ ಟಿಕೆಟ್ (ಅವರ ಕಂಪ್ಯೂಟರಿನಲ್ಲಿರುವ ದೂರಿನ ದಾಖಲೆ) ಮುಚ್ಚಿದ್ದೇವೆ ಅಂತ ಅಷ್ಟೇ.

ಅದೇ ಉತ್ತರ ಹೀಗಿದ್ದಿದ್ದರೆ: "ಮಾರ್ಚ್ 3ರಂದು 10,000 ರೂ. ಕಡಿತವಾಗಿ ನೋಟು ಬಂದಿಲ್ಲವೆಂಬ ನಿಮ್ಮ ದೂರು ದಾಖಲಾಗಿದೆ. ಮಾರ್ಚ್ 8ರೊಳಗೆ ಹಣ ನಿಮ್ಮ ಖಾತೆಗೆ ಮರಳುತ್ತದೆ. ತಡವಾದರೆ 9ರಿಂದ ದಿನಕ್ಕೆ 100 ರೂ. ಸೇರಿಸಿ ಜಮಾ ಮಾಡುತ್ತೇವೆ." ಮೂರೇ ವಾಕ್ಯ. ಕ್ಷಮೆ ಕೇಳದಿದ್ದರೂ ನಡೆಯುತ್ತಿತ್ತು.

ಇವರಿಗೆ ಹೀಗೆ ಮಾತಾಡಲು ಬರುವುದಿಲ್ಲ ಅಂತಲ್ಲ. ಕಾರ್ಡ್ ಕಳೆದಿದೆ ಅಂತ ಇದೇ ನಂಬರಿಗೆ ಫೋನ್ ಮಾಡಿದರೆ ಮಾತು ಎಷ್ಟು ಚೊಕ್ಕ: "ನಿಮ್ಮ ಕಾರ್ಡ್ ಈಗ 4 ಗಂಟೆ 12 ನಿಮಿಷಕ್ಕೆ ಬ್ಲಾಕ್ ಆಗಿದೆ, ದೂರು ಸಂಖ್ಯೆ ಬರೆದುಕೊಳ್ಳಿ." ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ಗ್ರಾಹಕರು ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದ್ದು, ಹಾಗಾಗಿ ಅಲ್ಲಿ ಒಂದೊಂದು ನಿಮಿಷವೂ ಮುಖ್ಯ. ಈ ಭಾಗಕ್ಕೆ ಐದಕ್ಕೆ ನಾಲ್ಕೂವರೆ ಕೊಡಬಹುದು. ಉಳಿದದ್ದಕ್ಕೆ ಒಂದೂವರೆ, ಅದೂ ಸಮಾಧಾನದಿಂದ ಮಾತಾಡುವ ಹುಡುಗ ಹುಡುಗಿಯರ ಮುಖ ನೋಡಿ. ತಪ್ಪು ಅವರದಲ್ಲ, ಸ್ಕ್ರಿಪ್ಟ್ ಬರೆದುಕೊಟ್ಟವರದು.

ಈ ಬ್ಯಾಂಕಿನಲ್ಲಿ ಖಾತೆ ಇರುವವರು ಒಂದು ವಿಷಯ ಗಮನಿಸಿ. ಫೋನಿನಲ್ಲಿ ಹೇಳಿದ್ದನ್ನು ಇವರು ಸಾಮಾನ್ಯವಾಗಿ ವಿಚಾರಣೆ ಅಥವಾ ಸರ್ವಿಸ್ ರಿಕ್ವೆಸ್ಟ್ ಅಂತ ಬರೆದುಕೊಳ್ಳುತ್ತಾರೆ. "ಇದನ್ನು ದೂರು ಅಂತಲೇ ದಾಖಲಿಸಿ, ಸಂಖ್ಯೆ ಕೊಡಿ" ಎಂದು ಬಾಯಿಬಿಟ್ಟು ಕೇಳಬೇಕು. ಆಮೇಲೆ ಇಮೇಲ್‌ನಲ್ಲೂ ಹಾಕಿ: ದಿನಾಂಕ, ಸಮಯ, ಮೊತ್ತ, ಎಟಿಎಂ ಇರುವ ಜಾಗ, ಚೀಟಿ ಬಂದಿದ್ದರೆ ಅದರಲ್ಲಿರುವ 12 ಅಂಕಿಯ ಆರ್‌ಆರ್‌ಎನ್ (ಆ ವಹಿವಾಟಿನ ಗುರುತಿನ ಸಂಖ್ಯೆ). ಕಾರ್ಡಿನ ಪೂರ್ತಿ ನಂಬರ್ ಬೇಡ, ಕೊನೆಯ ನಾಲ್ಕು ಅಂಕಿ ಸಾಕು. ಪಿನ್, ಒಟಿಪಿ ಯಾರು ಕೇಳಿದರೂ ಕೊಡಬೇಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಇಲ್ಲವೇ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ. ಮಾಹಿತಿಗೆ 14448. ಅಲ್ಲಿ ಮೊದಲು ಕೇಳುವುದೇ ಬ್ಯಾಂಕಿಗೆ ಯಾವತ್ತು ದೂರು ಕೊಟ್ಟಿರಿ ಅಂತ, ಆಗ ಆ ಇಮೇಲ್ ಕೈಯಲ್ಲಿರಬೇಕು.