ರೀಲ್ ಫ್ಲಾಸ್, ಪಿಕ್, ಸಂದಿನ ಬ್ರಷ್, ವಾಟರ್ ಫ್ಲಾಸರ್: ನನ್ನ ಓಟು ರೀಲಿಗೇ

ಹಲ್ಲುಸಂದಿ ಸ್ವಚ್ಛ ಮಾಡಲು ಈಗ ಮೆಡಿಕಲ್ ಶಾಪಿನಲ್ಲೂ ಆನ್‌ಲೈನಲ್ಲೂ ನಾಲ್ಕು ಬಗೆ ಸಿಗುತ್ತವೆ. ನಾಲ್ಕನ್ನೂ ಬಳಸಿ ನೋಡಿದ ಮೇಲೆ, ಬಿಗಿ ಸಂದಿನ ಬಾಯಿಗೆ ಮತ್ತು ನನ್ನಂಥ ಕೈಬಿಗಿಯ ಜನಕ್ಕೆ ಮೇಣ ಸವರಿದ ರೀಲ್ ದಾರವೇ ಸರಿ ಎನ್ನುತ್ತೇನೆ.

ಅಳೆಯುವ ಕೋಲು ಒಂದೇ: ಅದು ಉಜ್ಜುತ್ತದೆಯೋ ಇಲ್ಲವೋ. ಎರಡು ಹಲ್ಲು ಒಂದಕ್ಕೊಂದು ತಾಗುವ ಜಾಗದ ಕೆಳಗೆ ಟೂತ್‌ಬ್ರಷ್ಷಿನ ಎಳೆ ಇಳಿಯುವುದಿಲ್ಲ. ಅಲ್ಲಿ ಕೂರುವ ಪಾಚಿ ಅಂಟಂಟಾದ ಪದರ, ಬಾಯಿ ಮುಕ್ಕಳಿಸಿದರೆ ಹೋಗದು. ಒಂದೆರಡು ದಿನ ಬಿಟ್ಟರೆ ಗಟ್ಟಿಯಾಗಲು ಶುರುವಾಗುತ್ತದೆ. ಒಮ್ಮೆ ಟಾರ್ಟರ್ ಆಯಿತೆಂದರೆ ಮನೆಯಲ್ಲಿ ಏನೂ ಮಾಡಲಾಗದು, ಕ್ಲಿನಿಕ್ಕಿನಲ್ಲಿ ಕ್ಲೀನಿಂಗ್ ಮಾಡಿಸಬೇಕು. ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ಫ್ಲಾಸ್ ಮಾಡುವುದಕ್ಕಿಂತ ದಿನಾ ಮೂರು ನಿಮಿಷ ಮಾಡುವುದು ವಾಸಿ ಅನ್ನುವುದು ಇದಕ್ಕೇ.

ರೀಲ್ ದಾರವನ್ನು ಒಂದು ಮೊಳ, ಅಂದರೆ ಸುಮಾರು 45 ಸೆಂ.ಮೀ. ಕತ್ತರಿಸಿ. ಗೇಣುದ್ದದಲ್ಲಿ ಉಳಿತಾಯ ಮಾಡಲು ಹೋದರೆ ಬೆರಳಿಗೆ ಹಿಡಿತವೇ ಸಿಗುವುದಿಲ್ಲ. ಎರಡೂ ನಡುಬೆರಳಿಗೆ ಸುತ್ತಿ, ಮಧ್ಯೆ ಎರಡು ಮೂರು ಸೆಂ.ಮೀ. ಬಿಗಿಯಾಗಿ ಹಿಡಿಯಿರಿ. ಗರಗಸ ಆಡಿಸಿದ ಹಾಗೆ ಮೆಲ್ಲಗೆ ಇಳಿಸಬೇಕು. ಟಕ್ಕನೆ ಒತ್ತಿದರೆ ವಸಡು ಕುಯ್ಯುತ್ತದೆ. ಇಳಿದ ಮೇಲೆ ದಾರವನ್ನು ಒಂದು ಹಲ್ಲಿಗೆ ಇಂಗ್ಲಿಷಿನ ‘ಸಿ’ ಆಕಾರದಲ್ಲಿ ತಬ್ಬಿಸಿ, ವಸಡಿನ ಅಂಚಿನ ಸ್ವಲ್ಪ ಕೆಳಗಿನಿಂದ ಮೇಲಕ್ಕೆ ನಾಲ್ಕೈದು ಸಲ ಉಜ್ಜಿ. ಅದೇ ಸಂದಿನ ಪಕ್ಕದ ಹಲ್ಲಿಗೂ ಹಾಗೇ. ಬಹಳ ಮಂದಿ ಒಂದು ಹಲ್ಲು ಉಜ್ಜಿ ಮುಂದಿನ ಸಂದಿಗೆ ಹೋಗಿಬಿಡುತ್ತಾರೆ, ಅರ್ಧ ಕೆಲಸ ಅಲ್ಲೇ ಉಳಿಯುತ್ತದೆ. ಮುಂದಿನ ಸಂದಿಗೆ ದಾರದ ಹೊಸ ಭಾಗ ಬಿಡಿಸಿಕೊಳ್ಳಿ. ಕೊನೆಯ ದವಡೆ ಹಲ್ಲಿನ ಹಿಂಬದಿಯನ್ನು ಮರೆಯಬೇಡಿ. 50 ಮೀಟರಿನ ರೀಲು ಈ ಲೆಕ್ಕದಲ್ಲಿ ಸುಮಾರು 110 ದಿನ ಬರುತ್ತದೆ.

ಇದರ ಒಂದೇ ಕಾಟ, ಎಳೆ ಬಿಡುವುದು. ದವಡೆಯ ಯಾವುದೋ ಒಂದು ಸಂದಿಗೆ ದಾರ ಸಲೀಸಾಗಿ ಇಳಿಯುತ್ತದೆ, ಮೇಲೆ ಬರುವಾಗ ಚಿಂದಿಯಾಗಿ ಒಂದು ಎಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ನಾಲಗೆಗೆ ಬೇರೆ ಕೆಲಸವೇ ಇಲ್ಲ. ಆಗ ಜಗ್ಗಿ ಮೇಲಕ್ಕೆ ಎಳೆಯಬೇಡಿ, ಸಡಿಲವಾದ ಕ್ಯಾಪೋ ಹಳೆಯ ಫಿಲ್ಲಿಂಗೋ ಇದ್ದರೆ ಜೊತೆಗೇ ಬಂದುಬಿಡಬಹುದು. ಒಂದು ಬೆರಳಿನಿಂದ ದಾರ ಬಿಚ್ಚಿ, ಇನ್ನೊಂದು ತುದಿ ಹಿಡಿದು ಕೆನ್ನೆಯ ಕಡೆಗೆ ಅಡ್ಡಡ್ಡ ಎಳೆಯಿರಿ. ಆದರೂ ಎಳೆ ಉಳಿದರೆ, ಹೊಸ ದಾರದ ನಡುವೆ ಸಣ್ಣ ಗಂಟು ಹಾಕಿ, ದಾರವನ್ನು ಸಂದಿಗೆ ಇಳಿಸಿ, ಗಂಟನ್ನು ಅಡ್ಡಡ್ಡ ಎಳೆದರೆ ಅದು ಎಳೆಯನ್ನು ಹೊತ್ತು ತರುತ್ತದೆ. ಪಿನ್ನು, ಬೆಂಕಿಕಡ್ಡಿ ಬೇಡವೇ ಬೇಡ.

ಯಾಕೆ ಹರಿಯುತ್ತದೆ ಎನ್ನುವುದನ್ನು ಎರಡು ಹಂತದಲ್ಲಿ ಪತ್ತೆ ಮಾಡಬಹುದು. ಬಾಯಿ ತುಂಬ ಎಲ್ಲ ಕಡೆ ಹರಿಯುತ್ತಿದ್ದರೆ ತಪ್ಪು ದಾರದ್ದು. ಮೇಣವಿಲ್ಲದ ನೈಲಾನ್ ಅಂದರೆ ಹಲವು ಸಣ್ಣ ಎಳೆಗಳ ಕಟ್ಟು, ಬಿಗಿ ಸಂದಿನಲ್ಲಿ ಬಿಚ್ಚಿಕೊಳ್ಳುತ್ತದೆ. ಮೇಣದ್ದು ತನ್ನಿ, ಅದೂ ಆಗದಿದ್ದರೆ ಟೆಫ್ಲಾನ್ ಬಗೆಯ, ಒಂದೇ ಎಳೆಯ ಚಪ್ಪಟೆ ಪಿ‌ಟಿಎಫ್‌ಇ ಟೇಪು. ಎಲ್ಲ ಕಡೆ ಸರಿಯಿದ್ದು, ದಾರ ಬದಲಿಸಿದರೂ ಒಂದೇ ಜಾಗದಲ್ಲಿ ಹರಿದರೆ ತಪ್ಪು ಹಲ್ಲಿನದು: ಫಿಲ್ಲಿಂಗಿನ ಅಂಚು ಹೊರಚಾಚಿರುತ್ತದೆ, ಕ್ಯಾಪಿನ ಅಂಚು ಕೂತಿರುವುದಿಲ್ಲ, ಹುಳುಕಿನ ಬಾಯಿ ತೆರೆದಿರುತ್ತದೆ, ಇಲ್ಲವೇ ಟಾರ್ಟರ್ ಕಟ್ಟಿರುತ್ತದೆ. ಯಾವ ಎರಡು ಹಲ್ಲಿನ ನಡುವೆ ಎಂದು ನೆನಪಿಟ್ಟುಕೊಂಡು ದಂತವೈದ್ಯರಿಗೆ ಹೇಳಿ, ಹಲ್ಲುಸಂದಿ ಕಾಣುವ ಹಾಗೆ ತೆಗೆಯುವ ಬೈಟ್‌ವಿಂಗ್ ಎಕ್ಸ್‌ರೇಯಲ್ಲಿ ಬಹುಮಟ್ಟಿಗೆ ಗೊತ್ತಾಗುತ್ತದೆ. ಹೊರಚಾಚಿದ ಅಂಚನ್ನು ಕೆಲವೊಮ್ಮೆ ಬರೀ ಪಾಲಿಷ್ ಮಾಡಿದರೂ ಸಾಕು. ಈ ಸುಳಿವು ಬೇರೆ ಮೂರು ಸಾಧನಗಳಿಂದ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಕಾಟವನ್ನೂ ಸಹಿಸಿಕೊಂಡು ರೀಲಿನ ಪರ ವಾದಿಸಲು ನನಗಿರುವ ದೊಡ್ಡ ಕಾರಣ ಇದೇ.

ಪುಟ್ಟ ಪ್ಲಾಸ್ಟಿಕ್ ಹಿಡಿಗೆ ದಾರ ಕಟ್ಟಿದ ಫ್ಲಾಸ್ ಪಿಕ್ ಪ್ರಯಾಣಕ್ಕೆ ಸರಿ. ದಾರ ಬಿಲ್ಲಿನ ಹೆದೆಯಂತೆ ಸೆಟೆದಿರುವುದರಿಂದ ಹಲ್ಲನ್ನು ತಬ್ಬುವುದಿಲ್ಲ, ಒಂದು ಸಂದಿನ ಕೊಳೆಯನ್ನೇ ಇನ್ನೊಂದಕ್ಕೆ ಒಯ್ಯುತ್ತದೆ.

ಸಂದಿನ ಬ್ರಷ್ಷಿನ ಮಾತೇ ಬೇರೆ. ವಸಡು ಇಳಿದು ಸಂದಿ ಅಗಲವಾಗಿದ್ದರೆ ರೀಲು ಸೋಲುತ್ತದೆ, ಒಪ್ಪಿಕೊಳ್ಳಲೇಬೇಕು. ದವಡೆ ಹಲ್ಲಿನ ಬೇರಿನ ಪಕ್ಕದಲ್ಲಿ ತಗ್ಗಿರುತ್ತದೆ. ದಾರ ಆ ತಗ್ಗಿನ ಮೇಲೆ ಸೇತುವೆ ಹಾಕಿದಂತೆ ಹಾದುಹೋದರೆ, ಬ್ರಷ್ಷಿನ ಎಳೆ ಒಳಗಿಳಿದು ಉಜ್ಜುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆಯೂ ಈ ಬ್ರಷ್ಷು ದಾರಕ್ಕಿಂತ ಹೆಚ್ಚು ಕೆಲಸ ಮಾಡಬಹುದು ಎಂದಿತ್ತು, ಆಧಾರ ಅಷ್ಟು ಗಟ್ಟಿಯಿಲ್ಲ ಎಂಬ ಎಚ್ಚರಿಕೆಯೊಂದಿಗೆ. ಅಳತೆಯಲ್ಲೇ ಎಡವುವುದು ಹೆಚ್ಚು: ಟೆಪೆ ಎಂಬ ಕಂಪನಿಯ ಬ್ರಷ್ಷಿನಲ್ಲಿ ಗುಲಾಬಿ 0.4 ಮಿ.ಮೀ., ಕೆಂಪು 0.5, ನೀಲಿ 0.6. ಬೇರೆ ಕಂಪನಿಯ ಬಣ್ಣ ಬೇರೆ, ಹಾಗಾಗಿ ಬಣ್ಣ ನಂಬಬೇಡಿ, ಮೊದಲು ಮಿಶ್ರ ಪ್ಯಾಕ್ ತನ್ನಿ. ತುಸು ತಡೆದು ಒಳಹೋಗಬೇಕು. ಒತ್ತಿ ತುರುಕಿದರೆ ತಂತಿ ಬುಡದಲ್ಲಿ ಬಾಗಿ ಮುರಿಯುತ್ತದೆ. ಬಿಗಿಯಾದ ಮುಂದಿನ ಹಲ್ಲುಗಳಿಗೆ ಗುಲಾಬಿಯೂ ಹೋಗದು, ಅಲ್ಲಿಗೆ ಮತ್ತೆ ದಾರವೇ ಗತಿ.

ವಾಟರ್ ಫ್ಲಾಸರಿಗೆ ಒಂದೆರಡು ಸಾವಿರದ ಮೇಲೆ ಆಗುತ್ತದೆ. ಮಾವಿನ ಹಣ್ಣಿನ ನಾರು, ಮಾಂಸದ ಚೂರನ್ನು ಚೆನ್ನಾಗಿ ತೊಳೆಯುತ್ತದೆ, ಆದರೆ ಅಂಟಿದ ಪದರವನ್ನು ದಾರದಂತೆ ಉಜ್ಜಿ ತೆಗೆಯುವುದಿಲ್ಲ. ಬೋರ್‌ವೆಲ್ ನೀರು ಹಾಕಿದರೆ ನಾಜಲ್ಲಿನಲ್ಲಿ ಬಿಳಿ ಸುಣ್ಣ ಕಟ್ಟಿ ಧಾರೆ ವಾರೆಯಾಗುತ್ತದೆ. ಫಿಲ್ಟರ್ ನೀರೇ ಬೇಕು. ಕ್ಲಿಪ್, ಇಂಪ್ಲಾಂಟ್ ಇರುವವರಿಗೆ ಒಳ್ಳೆಯ ಜೊತೆ. ಉಳಿದವರು ಆ ದುಡ್ಡಿನಲ್ಲಿ ಮೊದಲು ಕ್ಲೀನಿಂಗ್ ಮಾಡಿಸಿಕೊಳ್ಳಲಿ.

ಯಾವುದನ್ನು ಹಿಡಿದರೂ ರಾತ್ರಿ ಬ್ರಷ್ ಮಾಡುವ ಮುಂಚೆ ಮಾಡಿ, ಪೇಸ್ಟಿನ ಫ್ಲೋರೈಡ್ ಸಂದಿಗೆ ಇಳಿಯಲು ಅನುಕೂಲ. ಮೊದಲ ವಾರ ವಸಡಿನಲ್ಲಿ ರಕ್ತ ಬಂತೆಂದು ನಿಲ್ಲಿಸಬೇಡಿ. ಊದಿದ ವಸಡೇ ಸೋರುವುದು, ದಿನಾ ಮಾಡಿದರೆ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ. ಆಮೇಲೂ ಬರುತ್ತಿದ್ದರೆ ತೋರಿಸಿ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಕೇಳಿಕೊಳ್ಳಿ. ಬ್ರಿಜ್ ಹಾಕಿಸಿಕೊಂಡವರಿಗೆ ಸಾದಾ ರೀಲ್ ಬ್ರಿಜ್ಜಿನ ಕೆಳಗೆ ಹೋಗುವುದಿಲ್ಲ. ತುದಿ ಗಟ್ಟಿಯಾಗಿರುವ ಸೂಪರ್ ಫ್ಲಾಸ್ ಕೇಳಿ ತನ್ನಿ.