ಬಿದ್ದು ಎದ್ದ ಹಿರಿಯರಿಗೆ ಯಾವುದು ಸರಿ: ಊರುಗೋಲೋ, ನಾಲ್ಕು ಕಾಲಿನ ಕೋಲೋ, ವಾಕರೋ?

ಬಿದ್ದ ಹಿರಿಯರನ್ನು ಎಮರ್ಜೆನ್ಸಿಗೆ ಕರೆದೊಯ್ದಾಗ ಎಕ್ಸ್-ರೇಯಲ್ಲಿ ಏನೂ ಕಾಣದಿದ್ದರೆ, ನೋವಿನ ಮಾತ್ರೆ ಬರೆದು ಮನೆಗೆ ಕಳಿಸುತ್ತಾರೆ. ಏನು ಹಿಡಿದು ನಡೆಯಬೇಕು ಅನ್ನುವುದನ್ನು ಎಷ್ಟೋ ಸಲ ಯಾರೂ ಹೇಳುವುದಿಲ್ಲ. ಬಚ್ಚಲಲ್ಲಿ ಜಾರಿ ಬಲ ಸೊಂಟಕ್ಕೆ ಪೆಟ್ಟು ಮಾಡಿಕೊಂಡ ನಮ್ಮಮ್ಮನಿಗೂ ಹಾಗೇ ಆಯಿತು. ಅಪ್ಪನ ಮರದ ಊರುಗೋಲು, ಪಕ್ಕದ ಮನೆಯವರು ಕೊಟ್ಟ ನಾಲ್ಕು ಕಾಲಿನ ಕೋಲು, ಅಂಗಡಿಯಿಂದ ತಂದ ಅಲ್ಯೂಮಿನಿಯಂ ವಾಕರ್, ಮೂರನ್ನೂ ಮನೆಯಲ್ಲೇ ಹಿಡಿಸಿ ನೋಡಿದೆವು. ಬಿದ್ದ ಹೊಸತರಲ್ಲಿ ವಾಕರೇ ಸರಿ, ಅದರಲ್ಲೂ ಮುಂದೆ ಎರಡು ಚಕ್ರ ಇರುವುದು ಅನ್ನುವುದು ನನ್ನ ಅಭಿಪ್ರಾಯ.

ಊರುಗೋಲು ಹಗುರ, ಆಟೋದೊಳಗೂ ಹಿಡಿಸುತ್ತದೆ, ಮೆಟ್ಟಿಲಿಗೂ ಆಗುತ್ತದೆ. ಆದರೆ ಅದು ತೋಲ ತಪ್ಪದಂತೆ ನೋಡಿಕೊಳ್ಳುತ್ತದೆಯೇ ಹೊರತು ಮೈಭಾರವನ್ನು ಹೆಚ್ಚು ಹೊರುವುದಿಲ್ಲ. ಬಲಗಾಲು ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು. ಅಮ್ಮ ನೋವಿದ್ದ ಕಡೆಗೇ ಹಿಡಿದು ಪೂರ್ತಿ ಅದರ ಮೇಲೇ ವಾಲುತ್ತಿದ್ದರು. ಅಪ್ಪನ ಎತ್ತರಕ್ಕೆ ಮಾಡಿಸಿದ ಕೋಲು ಬೇರೆ, ಹಿಡಿದರೆ ಅಮ್ಮನ ಭುಜ ಮೇಲೇರುತ್ತಿತ್ತು. ಕೈ ಇಳಿಬಿಟ್ಟು ನೇರ ನಿಂತಾಗ ಹಿಡಿ ಮಣಿಕಟ್ಟಿನ ಗೆರೆಗೆ ಸರಿಯಾಗಿ ಬರಬೇಕು. ಕೋಲಿಗೂ ವಾಕರಿಗೂ ಇದೇ ಅಳತೆ.

ನಾಲ್ಕು ಕಾಲಿನದು ಗೋಡೆಗೆ ಒರಗಿಸದೆ ತಾನೇ ನಿಲ್ಲುತ್ತದೆ. ನಡೆಯುವಾಗ ಮಾತ್ರ ನಾಲ್ಕೂ ಕಾಲು ಒಟ್ಟಿಗೆ ನೆಲ ಮುಟ್ಟಬೇಕು. ಅಮ್ಮನದು ಅವಸರದ ನಡಿಗೆ, ಎರಡು ಕಾಲು ಮೊದಲು ಊರಿ ಕೋಲು ಓಲಾಡುತ್ತಿತ್ತು. ನಮ್ಮ ಕಿರಿದಾದ ಮೆಟ್ಟಿಲ ಮೇಲೆ ಅದಕ್ಕೆ ಜಾಗವೇ ಇಲ್ಲ. ಲಕ್ವ ಹೊಡೆದು ಒಂದೇ ಕೈಯಲ್ಲಿ ಶಕ್ತಿ ಉಳಿದವರಿಗೆ ವಾಕರ್ ಹಿಡಿಯಲು ಬರುವುದಿಲ್ಲ, ಅಂಥವರಿಗೆ ಇದು ಒಳ್ಳೆಯದು.

ವಾಕರ್ ಹಿಡಿದಾಗ ಅಮ್ಮನ ಮುಖದ ಹೆದರಿಕೆಯೇ ಇಳಿಯಿತು, ಎರಡೂ ಕೈಗೆ ಆಸರೆ ಸಿಕ್ಕಿತಲ್ಲ. ಮೊದಲು ತಂದದ್ದು ಚಕ್ರವಿಲ್ಲದ್ದು. ಹೆಜ್ಜೆಹೆಜ್ಜೆಗೂ ಎತ್ತಿ ಮುಂದಿಡಬೇಕು, ಎತ್ತಿದ ಆ ಗಳಿಗೆಯಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಮುಂದಿನ ಎರಡು ಕಾಲಿಗೆ ಚಕ್ರ ಇರುವುದಕ್ಕೆ ಬದಲಾಯಿಸಿದ ಮೇಲೆ ತಳ್ಳಿಕೊಂಡು ಹೋಗುವುದು ಸಲೀಸಾಯಿತು. ಸೀಟು, ಬ್ರೇಕು ಇರುವ ನಾಲ್ಕು ಚಕ್ರದ್ದನ್ನು ಅಂಗಡಿಯಲ್ಲೇ ನೋಡಿ ಬಿಟ್ಟೆವು. ಬ್ರೇಕ್ ಒತ್ತುವಷ್ಟರಲ್ಲಿ ಅದು ಮುಂದೆ ಓಡುತ್ತಿತ್ತು.

ಇನ್ನೊಂದು ವಿಷಯ ಫಿಸಿಯೋ ಬಂದು ತೋರಿಸಿಕೊಟ್ಟರು. ಏಳುವಾಗ ಅಮ್ಮ ವಾಕರನ್ನು ತಮ್ಮ ಕಡೆ ಎಳೆಯುತ್ತಿದ್ದರು, ಅದರ ಮುಂಗಾಲು ಮೇಲೇಳುತ್ತಿತ್ತು. ಕೈಯನ್ನು ಮಂಚದ ಅಂಚಿಗೆ ಒತ್ತಿ ಎದ್ದು, ಪೂರ್ತಿ ನಿಂತ ಮೇಲೆ ಒಂದೊಂದೇ ಕೈ ಹಿಡಿಗೆ ತರಬೇಕು. ಹೇಳಿದ್ದು ಇಷ್ಟೇ, ಆದರೆ ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ವಾಕರ್ ಸೋಲುವುದು ಹೊಸ್ತಿಲಲ್ಲಿ, ಬಚ್ಚಲ ಬಾಗಿಲಲ್ಲಿ. ಕೊಳ್ಳುವ ಮೊದಲು ಬಾಗಿಲಿನ ಅಗಲ ಅಳೆದುಕೊಂಡು ಹೋಗಿ. ನಮ್ಮ ಬಚ್ಚಲಿಗೆ ಅದು ನೇರವಾಗಿ ಹೋಗಲಿಲ್ಲ, ಗೋಡೆಗೆ ಸ್ಟೀಲ್ ಹಿಡಿ ಹಾಕಿಸಿದೆವು. ಟವೆಲ್ ರಾಡನ್ನು ನಂಬಬೇಡಿ, ಅದು ಆಳಿನ ಭಾರ ತಡೆಯುವುದಿಲ್ಲ.

ಇಷ್ಟೆಲ್ಲ ಮನೆಗೆ ಬಂದ ಮೇಲೆ ಯಾಕೆ? ಎಮರ್ಜೆನ್ಸಿಯಿಂದ ಹೊರಡುವ ಮೊದಲೇ ಹಿರಿಯರನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ ನೋಡಿ ಎಂದು ಕೇಳಿ, ಸಂಕೋಚ ಬೇಡ. ಕಾಲೂರಲು ಆಗುತ್ತಲೇ ಇಲ್ಲ ಅಂದರೆ ಎಕ್ಸ್-ರೇ ಚೆನ್ನಾಗಿದೆ ಎಂದು ಸುಮ್ಮನಾಗಬೇಡಿ. ಸೊಂಟದ ಸಣ್ಣ ಬಿರುಕು ಅದರಲ್ಲಿ ಕಾಣದೆ ಸಿಟಿ ಅಥವಾ ಎಂಆರ್‌ಐಯಲ್ಲಿ ಕಾಣುವುದುಂಟು. ಮಲಗಿದಾಗ ಒಮ್ಮೆ, ನಿಂತ ಮೇಲೆ 3 ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಿಸಿ. ಮೇಲಿನ ಸಂಖ್ಯೆ 20 ಅಥವಾ ಹೆಚ್ಚು ಇಳಿದರೆ ಬಿದ್ದದ್ದಕ್ಕೆ ಅದೇ ಕಾರಣ ಇರಬಹುದು. ಅಮ್ಮನಿಗೆ ಹಾಗೇ ಇಳಿಯುತ್ತಿತ್ತು. ನಮ್ಮ ಡಾಕ್ಟರು ಮಾತ್ರೆ ಬದಲಾಯಿಸಿದ ಮೇಲೆ ತಲೆಸುತ್ತು ನಿಂತಿತು. ಯಾವ ಕೋಲೂ ಅದನ್ನು ಸರಿ ಮಾಡುತ್ತಿರಲಿಲ್ಲ.

ದುಡ್ಡಿನ ಅಡಚಣೆ ಇದ್ದವರು ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳ ಬಗ್ಗೆ ವಿಚಾರಿಸಿ. 2017ರಲ್ಲಿ ಶುರುವಾದ ಈ ಯೋಜನೆಯಲ್ಲಿ ಬಡ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ ಉಚಿತವಾಗಿ ಕೊಡುತ್ತಾರೆ. ಹಿರಿಯರ ಸಹಾಯವಾಣಿ 14567. ಯಾವುದೇ ತನ್ನಿ, ಕಾಲಿನ ರಬ್ಬರ್ ಬುಶ್ ಸವೆದಿದೆಯೇ ಎಂದು ಆಗಾಗ ತಿರುಗಿಸಿ ನೋಡುತ್ತಿರಿ.