ಅದೇ ಟಿಕೆಟ್ಟನ್ನು ಇನ್ನೆಷ್ಟು ಜನರಿಗೆ ಮಾರಿದ್ದಾನೋ, ಎಚ್ಚರ

ಸಂಗೀತ ಕಾರ್ಯಕ್ರಮದ ಟಿಕೆಟ್ಟನ್ನು ಅಪರಿಚಿತರಿಂದ ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ. ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

1990ರಲ್ಲಿ ದೆಹಲಿಯಲ್ಲಿ ಹುಟ್ಟಿದ ಇಂಡಿಯನ್ ಓಷನ್ ಎಂಬ ರಾಕ್ ಸಂಗೀತ ತಂಡ ನನಗೆ ಪರಿಚಯವಾದದ್ದು 2000ದಲ್ಲಿ ಬಂದ ‘ಕಂದೀಸಾ’ ಆಲ್ಬಮ್‌ನಿಂದ. ವೇದಿಕೆಯ ಮೇಲೆ ಇವರ ಹಾಡು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲವಾದ್ದರಿಂದ ಎದುರು ಕುಳಿತೇ ಕೇಳಬೇಕು. 2009ರಲ್ಲಿ ತಂಡದ ಅಸೀಮ್ ಚಕ್ರವರ್ತಿ ತೀರಿಕೊಂಡಾಗ, ತಬಲಾ ನುಡಿಸುತ್ತಲೇ ಹಾಡುತ್ತಿದ್ದ ಅವರನ್ನು ಒಮ್ಮೆಯೂ ನೇರವಾಗಿ ಕೇಳಲಿಲ್ಲವೆಂಬ ಕೊರಗು ನನ್ನಲ್ಲಿ ಉಳಿದುಬಿಟ್ಟಿತು. ಆದ್ದರಿಂದಲೇ ಈ ಸಲ ಟಿಕೆಟ್‌ಗಳು ಮುಗಿದಿದ್ದರೂ ಬಿಡಲು ಮನಸ್ಸಾಗದೆ, ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ‘ಎರಡು ಟಿಕೆಟ್ ಇವೆ, ಊರಿಗೆ ಹೋಗಬೇಕಾಗಿದೆ’ ಎಂದು ಬರೆದಿದ್ದವನನ್ನು ಸಂಪರ್ಕಿಸಿದೆ.

ಆತ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೇಳಲಿಲ್ಲ; ಕೊಂಡ ಬೆಲೆಗೇ, ಎರಡಕ್ಕೂ ಸೇರಿ 3,000 ರೂಪಾಯಿಗೆ ಕೊಡುತ್ತೇನೆಂದ. ‘ನಾನೂ ಅಸೀಮ್ ಅಭಿಮಾನಿ ಸಾರ್, ನಿಮ್ಮಂಥವರ ಕೈಗೆ ಸೇರಿದರೆ ಸಮಾಧಾನ’ ಎಂದ. ಈ ಒಂದೇ ಮಾತಿಗೆ ನಾನು ಕರಗಿಹೋದೆ. ಅರ್ಧ ಹಣ ಈಗ, ಉಳಿದದ್ದು ಒಳಗೆ ಹೋದ ಮೇಲೆ ಎನ್ನಬಹುದಿತ್ತು, ಎನ್ನಲಿಲ್ಲ.

ಭಾವಮೈದನನ್ನು ಒತ್ತಾಯದಿಂದ ಹೊರಡಿಸಿಕೊಂಡು, ಜಯನಗರದಿಂದ ಮೆಜೆಸ್ಟಿಕ್‌ಗೆ ಬಂದು, ಅಲ್ಲಿ ನೇರಳೆ ಮಾರ್ಗದ ಮೆಟ್ರೊ ಹಿಡಿದು ವೈಟ್‌ಫೀಲ್ಡ್ ತಲುಪಿದೆ. ಗೇಟಿನ ಹುಡುಗ ಕ್ಯೂಆರ್ ಕೋಡಿಗೆ ಯಂತ್ರ ಹಿಡಿದ, ಮತ್ತೊಮ್ಮೆ ಹಿಡಿದ. ‘ಸಾರ್, ಈ ಎರಡೂ ಟಿಕೆಟ್‌ನವರು ಆಗಲೇ ಒಳಗೆ ಹೋಗಿದ್ದಾರೆ’ ಎಂದ. ಹಿಂದಿನ ಸಾಲಿನವರೆಲ್ಲ ನನ್ನನ್ನೇ ನೋಡುತ್ತಿದ್ದರು, ನಾನೇ ಕಳ್ಳನೆಂಬಂತೆ. ಭಾವಮೈದ ಏನೂ ಅನ್ನಲಿಲ್ಲ, ಅಂದಿದ್ದರೇ ವಾಸಿಯಿತ್ತು.

ಮಾರಿದವನಿಗೆ ಸಂದೇಶ ಕಳುಹಿಸಿದೆ. ಮೊದಲು ‘ನೆಟ್‌ವರ್ಕ್ ಸಮಸ್ಯೆ, ಐದು ನಿಮಿಷ ನಿಲ್ಲಿ’ ಎಂದ. ಮುಕ್ಕಾಲು ಗಂಟೆ ನಿಂತೆವು. ಆಮೇಲೆ ‘ನೀವೇ ಬೇರೆಯವರಿಗೆ ಫಾರ್ವರ್ಡ್ ಮಾಡಿರಬೇಕು’ ಎಂದ. ಹಣ ವಾಪಸು ಕೊಡು ಎಂದದ್ದಕ್ಕೆ ‘ಸ್ಕ್ರೀನ್‌ಶಾಟ್ ನೋಡಿ ದುಡ್ಡು ಹಾಕಿದವರು ನೀವು, ನಾನೇನು ಮಾಡಲಿ ಯಜಮಾನರೇ’ ಎಂದ. ಯಜಮಾನರೇ! ಅಲ್ಲಿಯವರೆಗೆ ಸಾರ್ ಆಗಿದ್ದೆ. ಮರುಕ್ಷಣ ಅವನ ಫೋಟೊ ಮಾಯವಾಯಿತು. ನನ್ನನ್ನು ಬ್ಲಾಕ್ ಮಾಡಿದ್ದ. ಒಳಗಿನಿಂದ ಬೇಸ್ ಗಿಟಾರಿನ ಗುಡುಗು ಮಾತ್ರ ಗೋಡೆ ದಾಟಿ ಬರುತ್ತಿತ್ತು.

ಒಂದೇ ಸ್ಕ್ರೀನ್‌ಶಾಟನ್ನು ಹತ್ತು ಜನರಿಗೆ ಮಾರಬಹುದು, ಒಳಗೆ ಹೋಗುವವನು ಮೊದಲು ಬಂದವನೊಬ್ಬನೇ. ಟಿಕೆಟ್ ಮಾರಿದ ಆ್ಯಪ್‌ನಲ್ಲಿಯೇ ನಿಮ್ಮ ಹೆಸರಿಗೆ ವರ್ಗಾಯಿಸಿ ಕೊಡದವನಿಗೆ, ಅವನು ಎಂಥ ಅಭಿಮಾನಿಯೇ ಆಗಿರಲಿ, ಬಿಡಿಗಾಸು ಕೊಡಬೇಡಿ. ಮೋಸಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾನು ಮರ್ಯಾದೆಗೆ ಅಂಜಿ ಎರಡು ದಿನ ಸುಮ್ಮನಿದ್ದೆ.

ಇಂದು ಬೆಳಿಗ್ಗೆ ಅದೇ ಗುಂಪಿನಲ್ಲಿ, ಬೇರೆ ನಂಬರಿನಿಂದ, ಬೇರೊಂದು ಕಾರ್ಯಕ್ರಮಕ್ಕೆ ‘ಎರಡು ಟಿಕೆಟ್ ಇವೆ, ಊರಿಗೆ ಹೋಗಬೇಕಾಗಿದೆ’ ಎಂಬ ಸಾಲು ಬಂದಿದೆ.